ನಿಮಗೆ ಯಾವ ತನ್ವಿ ಬೇಕು?

ಮಾನ್ಯರೇ, ನನಗೆ ಮದುವೆಯಾಯಿತು! ಒಂದೇ ಮುಹೂರ್ತದಲ್ಲಿ ಗಂಡನೂ ಸಿಕ್ಕಿದರು, ಏಳು ವರ್ಷದ ಮಗಳೂ ಸಿಕ್ಕಳು. ಇಷ್ಟು ಸಂತೋಷವನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿ ಬರೆಯಲು ಕೂತರೆ, ಮೊದಲ ಪತ್ರವೇ ನಿಮಗೆ ಬರೆಯಬೇಕಾಗಿ ಬಂದಿದೆ. ಗಂಡನನ್ನು ನನ್ನಿಂದ ಯಾರೂ ಕಿತ್ತುಕೊಳ್ಳುವ ಹಾಗೆ ಕಾಣುವುದಿಲ್ಲ. ಮಗಳನ್ನು ಮಾತ್ರ ಶಿಕ್ಷಣಾಧಿಕಾರಿಗಳಾದ ನೀವು ಕಿತ್ತುಕೊಳ್ಳುತ್ತಿದ್ದೀರಿ. ನಿಮ್ಮ ಕೈಕೆಳಗಿನ ಶಾಲೆಯಲ್ಲಿ ಒಂದು ಕೋಣೆಗೆ, ಒಬ್ಬ ಶಿಕ್ಷಕಿಗೆ, ಎಂಬತ್ತೊಂದು ಮಕ್ಕಳನ್ನು ತುಂಬಿ ಅದಕ್ಕೆ ಎರಡನೆಯ ತರಗತಿ ಎಂದು ಹೆಸರಿಟ್ಟಿದ್ದೀರಲ್ಲ, ಅದರ ಮೂಲಕ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ಜಗಳವಾಡಿ ಅಭ್ಯಾಸವಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಈ ಪತ್ರ ಅಚ್ಚಾಗುವುದು ದೆಹಲಿಯ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಮತ್ತು ನೀವು ಅದನ್ನು ಓದುತ್ತೀರಿ, ಕಡೇಪಕ್ಷ ನಿಮ್ಮ ಫೋಟೋ ಎಲ್ಲಿದೆ ಎಂದು ಹುಡುಕುವುದಕ್ಕಾದರೂ. ಸಂಘ ಈ ಸಲ ತಡವಾಗಿ ಆಚರಿಸಿದ ರಾಜ್ಯೋತ್ಸವದ ದಿನ ಮೊದಲ ಸಾಲಿನ ಸೋಫಾದಲ್ಲಿ ಮೈಸೂರು ಪೇಟ ಧರಿಸಿ ಕೂತಿದ್ದವರು ನೀವೇ ಅಲ್ಲವೇ? "ಪ್ರತಿ ಮಗುವೂ ಒಂದೊಂದು ಬೇರೆಯೇ ಹೂವು" ಎಂದು ನೀವು ಭಾಷಣ ಮಾಡಿದಿರಿ. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಹೊಸ ಬಳೆಗಳಲ್ಲಿ ಒಂದು ಒಡೆದೇ ಹೋಯಿತು. ಚಪ್ಪಾಳೆಯನ್ನು ವಾಪಸ್ ಪಡೆಯುವ ಪದ್ಧತಿ ನಿಮ್ಮ ಇಲಾಖೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ನನ್ನವರ ಹೆಸರು ಮಹಂತೇಶ್. ಆರ್.ಕೆ.ಪುರಂನ ಒಂದು ಸರ್ಕಾರಿ ಕಚೇರಿಯಲ್ಲಿದ್ದಾರೆ, ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸ್. ಬೆಳಿಗ್ಗೆ ನನಗಿಂತ ಮೊದಲು ಎದ್ದು ಶುಂಠಿ ಹಾಕಿ ಚಹಾ ಮಾಡುತ್ತಾರೆ. (ಇದು ನಿಮಗೆ ಸಂಬಂಧಿಸಿದ್ದಲ್ಲ, ಹೇಳದೆ ಇರಲಾಗಲಿಲ್ಲ.) ಅವರ ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ತನ್ವಿ ಅವರ ಮಗಳು. ನನ್ನನ್ನು ಅವಳು ಮದುವೆಗೆ ಮುಂಚೆ ಆಂಟಿ ಎನ್ನುತ್ತಿದ್ದಳು. ಮದುವೆಯ ನಂತರ ಏನೆನ್ನಬೇಕೆಂದು ತಿಳಿಯದೆ ಸೆರಗು ಎಳೆದು ಕರೆಯುತ್ತಿದ್ದಳು.

ಮದುವೆಯ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಶಾಲೆಯಿಂದ ಕರೆತರಲು ನಾನೇ ಹೋದೆ. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ, ನಗಬೇಡಿ. ಗೇಟಿನ ಬಳಿ ಅವಳ ತರಗತಿಯ ಮೇಡಂ ನಿಂತಿದ್ದರು. "ನಾನು ತನ್ವಿಯ ಅಮ್ಮ" ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಹೇಳಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಸವಿಯಬೇಕು ಅಂದುಕೊಂಡಿದ್ದೆ.

"ಕೌನ್ ಸೀ ತನ್ವಿ?" ಎಂದರು ಮೇಡಂ. ಯಾವ ತನ್ವಿ ಬೇಕು ನಿಮಗೆ?

ತರಗತಿಯಲ್ಲಿ ನಾಲ್ವರು ತನ್ವಿಯರಿದ್ದಾರಂತೆ. ಕನ್ನಡಕದ ತನ್ವಿ, ಉದ್ದನೆಯ ತನ್ವಿ, ಅಳುವ ತನ್ವಿ, ಮತ್ತೆ ಇನ್ನೊಬ್ಬಳು. ನನ್ನ ಮಗಳು ಆ "ಇನ್ನೊಬ್ಬಳು".

ಸ್ವಲ್ಪ ಹೊತ್ತಿನಲ್ಲಿ ಒಂದು ಮಗುವನ್ನು ಕರೆತಂದು ನನ್ನ ಕೈಗೆ ಕೊಟ್ಟರು. ಅದೇ ಸ್ವೆಟರ್, ಅದೇ ಎರಡು ಜಡೆ, ಅದೇ ಸಿಂಬಳ. ತನ್ವಿಯೇ, ಆದರೆ ನನ್ನ ತನ್ವಿ ಅಲ್ಲ. "ಇವಳಲ್ಲ ಮೇಡಂ" ಎಂದೆ. ಅವರು ನನ್ನ ಬಳೆ, ಮದರಂಗಿ, ರೇಷ್ಮೆ ಸೀರೆಯನ್ನೆಲ್ಲ ನೋಡಿ ತುಂಬ ಮೃದುವಾಗಿ, "ಧ್ಯಾನ್ ಸೇ ದೇಖಿಯೇ. ಆಪ್ ನಯೀ ಹೈಂ ನಾ?" ಎಂದರು. ಸರಿಯಾಗಿ ನೋಡಿ, ನೀವು ಹೊಸಬರಲ್ಲವೇ ಎಂದು!

ಮಾನ್ಯರೇ, ನಾನು ನಿಜಕ್ಕೂ ಇನ್ನೊಮ್ಮೆ ನೋಡಿದೆ. ಬೆಳಿಗ್ಗೆ ನಾನೇ ಕಟ್ಟಿದ ಕೆಂಪು ರಿಬ್ಬನ್ ಇದೆಯೇ, ಮುಂದಿನ ಹಲ್ಲು ಬಿದ್ದಿದೆಯೇ ಎಂದು ಪರೀಕ್ಷಿಸಿದೆ. ಆ ಮಗುವೋ, ಪಾಪ, ನನ್ನ ಕೈ ಹಿಡಿದುಕೊಂಡು ಹೊರಟೇ ನಿಂತಿತ್ತು. ಕರೆದವರ ಜೊತೆ ಹೋಗುವುದು ಅದಕ್ಕೆ ರೂಢಿಯಾಗಿರಬೇಕು. ಹೂವು ಎಂದಿರಲ್ಲ? ನಿಮ್ಮ ತೋಟದಲ್ಲಿ ಯಾರು ಬೇಕಾದರೂ ಯಾವ ಹೂವನ್ನು ಬೇಕಾದರೂ ಕಿತ್ತುಕೊಂಡು ಹೋಗಬಹುದು.

ನನ್ನ ತನ್ವಿಗಾಗಿ ಶಾಲೆಯೆಲ್ಲ ಹುಡುಕಿದೆವು. ಸಿಕ್ಕಿದ್ದು ಮೂರನೆಯ ತರಗತಿಯಲ್ಲಿ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಆರಾಮವಾಗಿ ಕೂತು ಕಾಲು ಆಡಿಸುತ್ತಿದ್ದಳು. ಇಲ್ಲೇಕೆ ಕೂತಿದ್ದೀ ಎಂದು ಕೇಳಿದರೆ, "ಇಲ್ಲಿ ಜಗಹ್ ಇದೆ" ಎಂದಳು. ಯಾವಾಗಿನಿಂದ? "ದಿವಾಲಿ ಛುಟ್ಟಿ ಆದಮೇಲಿಂದ." ಅಂದರೆ ದೀಪಾವಳಿ ರಜೆ ಮುಗಿದಾಗಿನಿಂದ, ನನ್ನ ಮದುವೆಗೂ ಮುಂಚಿನಿಂದ! ಎರಡನೆಯ ತರಗತಿಯಲ್ಲಿ ಹಾಜರಿ ಕೂಗಿದಾಗ ಯಾರೋ ಒಬ್ಬ ತನ್ವಿ "ಯೆಸ್ ಮ್ಯಾಮ್" ಎನ್ನುತ್ತಿದ್ದಳು. ಒಬ್ಬಳು ಕಡಿಮೆಯಾದದ್ದು ಅಲ್ಲಿ ಗೊತ್ತಾಗಲಿಲ್ಲ, ಒಬ್ಬಳು ಹೆಚ್ಚಾದದ್ದು ಇಲ್ಲಿ ಗೊತ್ತಾಗಲಿಲ್ಲ. ಮೂರನೆಯ ತರಗತಿಯ ಮೇಡಂ ಅವಳನ್ನೂ ನನ್ನನ್ನೂ ನೋಡಿ, "ಯೇ ಕೌನ್ ಹೈಂ, ಬೇಟಾ?" ಎಂದು ನಾನು ಯಾರೆಂದು ಕೇಳಿದರು. ತನ್ವಿ ನನ್ನ ಸೆರಗು ಹಿಡಿದುಕೊಂಡು, "ಮೇರೀ ಮಮ್ಮಿ ಹೈಂ. ನಯೀ ವಾಲೀ" ಎಂದಳು. ನನ್ನ ಅಮ್ಮ, ಹೊಸ ಅಮ್ಮ ಎಂದು!

ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. ಎಷ್ಟು ದೊಡ್ಡ ಗಳಿಗೆ ಅದು! ಆಗಲೂ ನಾನು ಅಳುತ್ತಿದ್ದುದು ಖುಷಿಗೋ ಭಯಕ್ಕೋ ಎಂದು ಹೇಳಲಾರದ ಹಾಗೆ ಮಾಡಿದ್ದೀರಲ್ಲ, ಅದಕ್ಕಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಮೇಡಂ ಅವರ ಮೇಲೆ ನನಗೆ ಕೋಪವಿಲ್ಲ. ಅವರ ಧ್ವನಿ ಬಿದ್ದುಹೋಗಿದೆ. ಎರಡು ಸೆಕ್ಷನ್‌ಗಳಿದ್ದವು, ಇನ್ನೊಬ್ಬ ಶಿಕ್ಷಕಿಯನ್ನು ನೀವು ಯಾವುದೋ ಸರ್ವೆ ಕೆಲಸಕ್ಕೆ ಕಳಿಸಿ, ಎರಡನ್ನೂ ಒಂದೇ ಕೋಣೆಗೆ ಸುರಿದಿರಿ. ಕೋಣೆಯಲ್ಲಿ ಅರ್ಧ ಮಕ್ಕಳಿಗಷ್ಟೇ ಜಾಗ. ಅದಕ್ಕೆ ನಿಮ್ಮ ಕಚೇರಿಯಿಂದ ಬಂದ ಪರಿಹಾರ: ಬೆಸ ತಾರೀಖಿನಂದು ಹಾಜರಿ ಪಟ್ಟಿಯ ಬೆಸ ಸಂಖ್ಯೆಯ ಮಕ್ಕಳು ಒಳಗೆ, ಸಮ ಸಂಖ್ಯೆಯವರು ವೆರಾಂಡಾದಲ್ಲಿ. ಮರುದಿನ ಅದಲು ಬದಲು. ಹೊಗೆ ಕಡಿಮೆ ಮಾಡಲೆಂದು ಈ ಊರಿನಲ್ಲಿ ಕಾರುಗಳಿಗೆ ಮಾಡಿದ್ದ ನಿಯಮವನ್ನು ನೀವು ಮಕ್ಕಳಿಗೆ ಮಾಡಿ, ಆ ಹೊಗೆಯಲ್ಲೇ ಅವರನ್ನು ಚಾಪೆ ಹಾಕಿ ಕೂರಿಸಿದ್ದೀರಿ. ಎಂಥ ಪ್ರತಿಭೆ! ಕಾರಿಗಾದರೆ ಅದರ ದಿನವಲ್ಲದ ದಿನ ಗ್ಯಾರೇಜಿನಲ್ಲಿ ಸೂರು ಇರುತ್ತಿತ್ತು. ವೆರಾಂಡಾದಿಂದ ಬೋರ್ಡು ಕಾಣುವುದಿಲ್ಲ, ನೀರಿನ ಟ್ಯಾಂಕು ಕಾಣುತ್ತದೆ. ಏಳರ ಮಗ್ಗಿಯನ್ನು ತನ್ವಿ ಎಲ್ಲರ ಜೊತೆ ರಾಗವಾಗಿ ಹಾಡುತ್ತಾಳೆ. "ಏಳು ಎಂಟಲ ಎಷ್ಟು ಪುಟ್ಟಾ?" ಎಂದು ಒಬ್ಬಳನ್ನೇ ಕೇಳಿದರೆ ಸುತ್ತಮುತ್ತ ನೋಡುತ್ತಾಳೆ. ಈ ವರ್ಷ ಅವಳನ್ನು ಒಬ್ಬಳನ್ನೇ ಯಾರೂ ಏನೂ ಕೇಳಿಲ್ಲ.

ಪಕ್ಕದ ಮನೆಯ ಮನೋರಮಾ ಅವರ ಮಗನೂ ಅದೇ ತರಗತಿ. ಇಬ್ಬರೂ ಸೇರಿ ನಿಮ್ಮ ಕಚೇರಿಗೆ ಬಂದಿದ್ದೆವು, ನೆನಪಿರಬಹುದು. ಹೊರಗೆ ಕೂತಿದ್ದ ನಿಮ್ಮ ಸಿಬ್ಬಂದಿ ಮೊದಲೇ ಉಪದೇಶ ಮಾಡಿದ್ದರು: "ಪ್ರೈವೇಟ್ ಮೇಂ ಡಾಲ್ ದೀಜಿಯೇ ನಾ, ಮೇಡಂ." ಪ್ರೈವೇಟ್ ಶಾಲೆಗೆ ಹಾಕಿಬಿಡಿ ಎಂದು. ಹೋಟೆಲಿನ ಗಲ್ಲಾದಲ್ಲಿ ಕೂತವನೇ "ಊಟ ಪಕ್ಕದ ಹೋಟೆಲಿನಲ್ಲಿ ಮಾಡಿ" ಎಂದ ಹಾಗೆ. ಒಳಗೆ ನೀವು ನಮ್ಮನ್ನು ಕೂರಿಸಿ, ಬಿಸ್ಕೆಟ್ ತರಿಸಿ, ಕನ್ನಡದಲ್ಲಿ ಮಾತಾಡಿಸಿದಿರಿ.

"ಸರಾಸರಿ ನೋಡಿ ಅಮ್ಮ. ನಮ್ಮ ವಲಯದಲ್ಲಿ ಒಬ್ಬ ಟೀಚರಿಗೆ ಮೂವತ್ತೆರಡೇ ಮಕ್ಕಳು" ಎಂದಿರಿ.

"ಉಳಿದ ನಲವತ್ತೊಂಬತ್ತು ಮಕ್ಕಳು ನಮ್ಮ ಕಣ್ಣಿಗೆ ಮಾತ್ರ ಕಾಣೋದಾ ಸಾರ್?" ಎಂದರು ಮನೋರಮಾ.

ನೀವು ನಕ್ಕಿರಿ. "ನಮ್ಮ ಕಾಲದಲ್ಲಿ ನಾವು ಮರದ ಕೆಳಗೆ ಕೂತು ಓದ್ಲಿಲ್ವೇ? ಈಗ ಎಲ್ಲಿದೀವಿ ನೋಡಿ." ನೋಡಿದೆವು ಸಾರ್. ಹೀಟರ್ ಪಕ್ಕದಲ್ಲಿ ಇದ್ದಿರಿ. ಮರದ ಕೆಳಗೆ ಓದಿದವರು ಮೇಲೆ ಬಂದರೆ ಕೆಳಗಿನವರಿಗೆ ಸೂರು ಹಾಕಿಸುತ್ತಾರೆ ಎಂದು ನಾನು ಪೆದ್ದಿಯ ಹಾಗೆ ನಂಬಿದ್ದೆ. ನೀವು ಆ ಮರದ ಕಥೆಯನ್ನೇ ಸೂರು ಮಾಡಿಕೊಂಡು ಅದರಡಿ ಬೆಚ್ಚಗಿದ್ದೀರಿ. ಸರಾಸರಿಯ ವಿಷಯಕ್ಕೆ ಬಂದರೆ, ನನ್ನ ಮದುವೆಯ ಪಂಕ್ತಿಯಲ್ಲಿ ನಿಮ್ಮ ಎಲೆಗೆ ಎರಡು ಹೋಳಿಗೆ ಬಡಿಸಿ, ಪಕ್ಕದವರಿಗೆ ಏನೂ ಬಡಿಸದೆ, "ಸರಾಸರಿ ಒಂದೊಂದು ಆಯಿತು, ಏಳಿ" ಎಂದಿದ್ದರೆ ಆ ಪಕ್ಕದವರು ಎದ್ದು ಕೈ ತೊಳೆಯುತ್ತಿದ್ದರೇ?

ಕೊನೆಗೆ ನನ್ನ ಬಳೆಗಳ ಕಡೆ ನೋಡಿ ಒಂದು ಮಾತು ಹೇಳಿದಿರಿ. "ನೀವು ಹೊಸದಾಗಿ ಮದುವೆಯಾದವರು. ಆಗ್ರಾ, ಗೀಗ್ರಾ ನೋಡಿಕೊಂಡು ಬನ್ನಿ. ಸ್ವಂತ ಮಗು ಆದಮೇಲೆ ಈ ಚಿಂತೆಯೆಲ್ಲ ಇದ್ದದ್ದೇ." ಮನೋರಮಾ ನನ್ನ ಕೈ ಹಿಡಿದುಕೊಂಡರು. ನಾನು ಬಿಸ್ಕೆಟನ್ನು ತಟ್ಟೆಗೆ ವಾಪಸ್ ಇಟ್ಟೆ. ನೀವು ಗಮನಿಸಲಿಲ್ಲ. ಒಂದು ಮಗು ಹೆಚ್ಚಾದರೂ ಕಡಿಮೆಯಾದರೂ ಗಮನಿಸದ ಇಲಾಖೆಯ ಮುಖ್ಯಸ್ಥರು ಒಂದು ಬಿಸ್ಕೆಟನ್ನು ಗಮನಿಸುತ್ತಾರೆಯೇ?

ಈಗ ಮುಖ್ಯ ವಿಷಯ. ನನ್ನವರು ಚಿನ್ನದಂಥ ಮನುಷ್ಯ, ಆದರೆ ಯಾವುದನ್ನು ಯಾರಿಗೆ ಹೇಳಬಾರದು ಎಂಬುದು ತಿಳಿಯುವುದಿಲ್ಲ. ತನ್ವಿ ಮೂರನೆಯ ತರಗತಿಯಲ್ಲಿ ಸಿಕ್ಕಿದ್ದನ್ನು ಅವರು ತಮಾಷೆಯೆಂಬಂತೆ ಫೋನಿನಲ್ಲಿ ವಿಜಯಮ್ಮನವರಿಗೆ ಹೇಳಿಬಿಟ್ಟರು. ವಿಜಯಮ್ಮನವರು ತನ್ವಿಯನ್ನು ಹೆತ್ತ ತಾಯಿಯ ತಾಯಿ, ದಾವಣಗೆರೆಯವರು. ಅವರು ನಗಲಿಲ್ಲ.

"ಮಗಳನ್ನ ಕಳಕೊಂಡಾಯ್ತು, ಅಳಿಯಂದ್ರೇ. ಮೊಮ್ಮಗಳನ್ನ ಕಳಕೊಳ್ಳೋಕೆ ನಾನು ತಯಾರಿಲ್ಲ. ಇಲ್ಲಿ ನಮ್ಮ ಶಾಲೇಲಿ ಕ್ಲಾಸಿಗೆ ಇಪ್ಪತ್ತಾರು ಮಕ್ಕಳು. ಯಾವ ಮಗು ಯಾರ ಮನೇದು ಅಂತ ಮೇಷ್ಟ್ರಿಗೆ ಗೊತ್ತು. ಕರಕೊಂಡು ಬರ್ತೀನಿ."

ಫೋನು ನನ್ನ ಕೈಗೆ ಬಂತು. "ನಿನ್ನ ಮೇಲೆ ಕೋಪ ಇಲ್ಲ ತಾಯಿ" ಎಂದರು. "ನೀನು ಬಂದಮೇಲೆ ಕೂಸಿನ ದನಿ ಬದಲಾಗಿದೆ, ಅದು ನಂಗೆ ಗೊತ್ತಾಗುತ್ತೆ. ನಾನು ಬಂದು ಗೇಟಲ್ಲಿ ನಿಂತು ತನ್ವಿನ ಕೊಡಿ ಅಂತೀನಿ. ಮೇಡಂ ಮೊದಲನೇ ಸಲಕ್ಕೇ ನಮ್ಮ ಕೂಸನ್ನ ತಂದುಕೊಟ್ರೆ ಅವಳು ನಿನ್ನ ಹತ್ರಾನೇ ಇರ್ಲಿ. ಬೇರೆ ಕೂಸನ್ನ ತಂದ್ರೆ ನೀನೇ ಅವಳ ಬಟ್ಟೆ ಕಟ್ಟಿಕೊಡು."

ಇದಕ್ಕೆ ನೀವಾಗಿದ್ದರೆ ಏನೆನ್ನುತ್ತಿದ್ದಿರಿ? ಆ ಸರಾಸರಿಯನ್ನು ಅವರಿಗೆ ಹೇಳಲೇ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಸರ್ವೆಗೆ ಕಳಿಸಿದ ಶಿಕ್ಷಕಿಯನ್ನು ಈ ವಾರದಲ್ಲೇ ವಾಪಸ್ ಕರೆಸಿ, ಎರಡು ಸೆಕ್ಷನ್ ಮಾಡಿ, ವೆರಾಂಡಾದ ಚಾಪೆಗಳನ್ನು ಸುತ್ತಿಡಿ. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಪಾಪದ ಮೇಡಂಗೆ ನೋಟಿಸ್ ಹೋಗುತ್ತದೆ. ಅಷ್ಟು ಕೆಲಸವನ್ನು ಮಾತ್ರ ನಿಮ್ಮ ಕಚೇರಿ ತಕ್ಷಣ ಮಾಡುತ್ತದೆ. ನಾವು ಬಂದು ಅಷ್ಟೊತ್ತು ಕೂತಿದ್ದೆವಲ್ಲ, ಯಾವ ಶಾಲೆ ಎಂದು ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ವೆರಾಂಡಾದಲ್ಲಿ ಮಕ್ಕಳಿರುವ ಎಲ್ಲ ಶಾಲೆಗಳಿಗೂ ಇದನ್ನೇ ಮಾಡಿ. ತಪ್ಪೇನೂ ಆಗುವುದಿಲ್ಲ.

ಅಲ್ಲಿಯವರೆಗೆ ನಾನು ತನ್ವಿಗೆ ದಿನವೂ ಅದೇ ಕೆಂಪು ರಿಬ್ಬನ್ ಕಟ್ಟಿ ಕಳಿಸುತ್ತಿದ್ದೇನೆ. ಮೇಡಂಗೆ ಗುರುತು ಸಿಗಲಿ ಎಂದು.

ಇಂತಿ, ಸದ್ಯಕ್ಕೆ ತಾಯಿ,
ಧಾರಿಣಿ ಮಹಂತೇಶ್
(ನಾಲ್ಕನೆಯ ತನ್ವಿಯ ಮನೆ), ಕಿದ್ವಾಯಿ ನಗರ

ಮರೆತಿದ್ದೆ: ವಿಜಯಮ್ಮನವರು ಸ್ಟೇಷನ್ನಿನಿಂದ ಮನೆಗೆ ಬರುವುದಿಲ್ಲವಂತೆ, ನೇರ ಶಾಲೆಯ ಗೇಟಿಗೇ ಹೋಗುತ್ತಾರಂತೆ. ಅವರು ಬರುವುದು ಬರುವ ಗುರುವಾರ, ಸಂಪರ್ಕ ಕ್ರಾಂತಿ ರೈಲಿನಲ್ಲಿ.