ಹಳದಿ ಗುರುತು

ಬೀದರ, ಚಿದ್ರಿ
ಶನಿವಾರ, ೧೫ ನವೆಂಬರ್ ೨೦೨೫

ಪ್ರೀತಿಯ ಪ್ರಣಾಲಿಗೆ, ನಿನ್ನ ಸ್ವಪ್ನಿಲನ ಜೈಭೀಮ.

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಭಾಲ್ಕಿಯ ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಗುಳಿಗೆಯನ್ನು ನಿಜವಾಗಿಯೂ ನುಂಗುತ್ತಿದ್ದೀಯೋ, ಇಲ್ಲ ಇಲ್ಲಿ ಮಾಡಿದ ಹಾಗೆ ದಿಂಬಿನ ಕೆಳಗೆ ಸೇರಿಸಿ ನುಂಗಿದೆ ಎನ್ನುತ್ತೀಯೋ? ಹೊಟ್ಟೆಯಲ್ಲಿರುವ ಸಣ್ಣ ಸಾಹೇಬರ ಒದೆತ ಹೆಚ್ಚಾಗಿದೆ ಎಂದೆಯಲ್ಲ, ಅದು ನನ್ನ ಅಪ್ಪನ ಗುಣ, ಅವನಿಗೂ ಒಂದು ಕಡೆ ಕುಳಿತು ಗೊತ್ತಿರಲಿಲ್ಲ. ನಾನು ಆರಾಮ ಇದ್ದೇನೆ. ರೊಟ್ಟಿ ಬಡಿಯಲು ಬರುವುದಿಲ್ಲ, ದಿನಾ ಅನ್ನ. ಒಂದು ದಿನ ಅಕ್ಕಿ ಅಕ್ಕಿ ಇರುತ್ತದೆ, ಮರುದಿನ ಗಂಜಿಯಾಗುತ್ತದೆ. ಪಕ್ಕದ ಮನೆಯ ಕೌಸಲ್ಯಾಬಾಯಿ ಕನಿಕರಪಟ್ಟು ಎರಡು ರೊಟ್ಟಿ ಕಳಿಸಿದ ದಿನ ಮಾತ್ರ ಸರಿಯಾಗಿ ಊಟ ಮಾಡುತ್ತೇನೆ.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ಮೆಹಕರದ ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನ ಮೇಲೇ ಇರುತ್ತದೆ. ನಾನು ಹಲೋ ಎಂದರೆ ನಿನ್ನ ಅವ್ವ, ಅಪ್ಪ, ಜೊತೆಗೆ ಓಣಿಯಿಂದ ಬಂದು ಕುಳಿತವರು ಎಲ್ಲರೂ ಸೇರಿ "ಆರಾಮ ಅದೀರೇನ್ರಿ ಅಳಿಯಾರ" ಎನ್ನುತ್ತಾರೆ. ಅಷ್ಟು ಜನರ ಮುಂದೆ ಹೇಳುವ ಮಾತಲ್ಲ ಇದು. ಪರೀಕ್ಷೆ ಬರೆಯಲು ಬಂದ ನಿನ್ನ ತಮ್ಮ ದಿಲೀಪ ನಾಳೆ ಊರಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಒಬ್ಬಳೇ ಕುಳಿತು ಓದು.

ನಮ್ಮ ಶೋರೂಮಿನಲ್ಲಿ ನನಗೆ ಬಡ್ತಿ ಕೊಡುತ್ತಾರೆ ಎಂಬುದು ನಿನಗೆ ಗೊತ್ತು. ನೀವು ಪೇಢೆ ಹಂಚಿದಿರಂತೆ, ದಿಲೀಪ ಹೇಳಿದ. ಕಡೆಯ ತಪಾಸಣೆಯ ಜಾಗ ಅದು. ಗಾಡಿಯ ಕೆಳಗೆ ಮಲಗುವುದು ತಪ್ಪುತ್ತದೆ, ಪಗಾರ ಏರುತ್ತದೆ, ಕೂರಲು ಕುರ್ಚಿ ಇದೆ. ನಮ್ಮ ಮ್ಯಾನೇಜರ್ ಬಸವಕಿರಣ ಸಾಹೇಬರು ನಿನ್ನೆ ಮತ್ತೆ ಕರೆದು, "ಸೋಮವಾರ ಹೂಂ ಅನ್ರಿ ಸ್ವಪ್ನಿಲ, ಹಳದಿ ಪೆನ್ನ ನಿಮ್ಮ ಹೆಸರಿಲೇ ತೆಗೆದಿಟ್ಟೇನಿ" ಎಂದರು. ಇನ್ನೊಂದು ಕರೆ ಭಾಲ್ಕಿಯಿಂದ. ಅಲ್ಲಿ ಬೇರೆ ಕಂಪನಿಯ ಹೊಸ ಸರ್ವಿಸ್ ಸೆಂಟರ್ ತೆರೆಯುತ್ತಿದೆ, ಹಿರಿಯ ಮೆಕ್ಯಾನಿಕ್ ಬೇಕಂತೆ. ಮೆಹಕರಕ್ಕೆ ಹತ್ತಿರ, ಮಾವನವರಿಗೆ ಅದೇ ಇಷ್ಟ. ಆದರೆ ನನ್ನ ಕೆಲಸದಲ್ಲಿ ದೋಷವಿಲ್ಲ ಎಂದು ಈಗಿನ ಮ್ಯಾನೇಜರಿಂದ ಪತ್ರ ತರಬೇಕು. ಮೂರನೆಯದನ್ನು ನಿನಗೆ ಹೇಳಿಯೇ ಇಲ್ಲ. ಖಾಜಾ ಮಿಯಾ ಔರಾದದಲ್ಲಿ ತಗಡಿನ ಶೆಡ್ಡು ಹಾಕಿ ಗ್ಯಾರೇಜು ಮಾಡಿದ್ದಾರೆ. ಅಲ್ಲಿಗೆ ಬಾ ಎಂದು ಕರೆದಿದ್ದಾರೆ.

ಖಾಜಾ ಮಿಯಾ ನಿನಗೆ ಹೊಸಬರಲ್ಲ. ನಮ್ಮ ಮದುವೆಗೆ ಸ್ಟೀಲಿನ ಕೊಡ ತಂದು, ನಿನ್ನ ಕೈಗೇ ಕೊಡುತ್ತೇನೆ ಎಂದು ಹಟ ಹಿಡಿದು ನಿಂತ ಗಡ್ಡದ ಮುದುಕರು. ನನಗೆ ನಟ್ಟು ಬಿಗಿಸುವ ಪಾನಾ ಹಿಡಿಯಲು ಕಲಿಸಿದವರು. ಬಡ್ತಿ ಬಂದಿರುವುದು ಅವರ ಕುರ್ಚಿಗೆ. ವಯಸ್ಸಾಯಿತು, ಬಿಟ್ಟರು ಎಂದು ನಿನಗೆ ಹೇಳಿದ್ದೆ. ಅವರಾಗಿ ಬಿಡಲಿಲ್ಲ, ತೆಗೆದುಹಾಕಿದರು. ಅದಕ್ಕೆ ಕಾರಣ ನಾನು.

ನಮ್ಮಲ್ಲಿ ಗಾಲಿ ಬಿಚ್ಚಿ ಕೂಡಿಸಿದರೆ ಒಂದು ಪದ್ಧತಿ ಇದೆ. ನಟ್ಟು ಬಿಗಿ ಮಾಡಿದವನು ಪ್ರತಿ ನಟ್ಟಿನ ಮೇಲೆ ಬಿಳಿ ಪೆನ್ನಿನಿಂದ ಗೆರೆ ಎಳೆಯಬೇಕು. ಆಮೇಲೆ ಎರಡನೆಯವನು ಬಂದು ಪಾನಾ ಹಚ್ಚಿ ನೋಡಿ ಹಳದಿ ಗೆರೆ ಎಳೆಯಬೇಕು. ಹಳದಿ ಇಲ್ಲದೆ ಗಾಡಿ ಗೇಟು ದಾಟುವುದಿಲ್ಲ. ಹಳದಿ ಪೆನ್ನು ಖಾಜಾ ಮಿಯಾ ಅವರದು, ಅದು ಬೇರೆಯವರ ಕೈಗೆ ಹೋಗಬಾರದು. ಆದರೆ ಶುಕ್ರವಾರ ಅವರು ನಮಾಜಿಗೆ ಹೋಗುವಾಗ ಪೆನ್ನು ನನ್ನ ಜೇಬಿಗೆ ಸಿಕ್ಕಿಸಿ ಹೋಗುತ್ತಿದ್ದರು. ಭೀಮ ಜಯಂತಿಯ ದಿನ ನಾನು ಮೆರವಣಿಗೆಗೆ ಹೋದರೆ ನನ್ನ ಗಾಡಿಗಳನ್ನು ಅವರು ಮುಗಿಸಿಡುತ್ತಿದ್ದರು. ಆರು ವರ್ಷ ಹೀಗೇ ನಡೆದಿತ್ತು, ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ.

ಅಕ್ಟೋಬರ್ ಹತ್ತು, ಶುಕ್ರವಾರ. ಔರಾದದ ಸಿದ್ದೇಶ್ವರಿ ಬಾಯಿಯವರ ಗಾಡಿ ಬಂದಿತ್ತು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಅವರು ಬಾಯಾರು. ಎಡಗಡೆಯ ಮುಂದಿನ ಗಾಲಿ ಕೂಡಿಸಿ, ನಟ್ಟುಗಳನ್ನು ಕೈಯಿಂದ ತಿರುಗಿಸಿ, ಬಿಗಿ ಮಾಡುವ ಮೊದಲೇ ಬಿಳಿ ಗೆರೆ ಎಳೆದುಬಿಟ್ಟೆ. ಹೇಗೂ ಬಿಗಿ ಮಾಡುತ್ತೇನಲ್ಲ ಎಂಬ ಸೋಮಾರಿತನ, ಎಷ್ಟೋ ಸಲ ಹಾಗೆ ಮಾಡಿದ್ದೆ. ಅಷ್ಟರಲ್ಲಿ ನಿನ್ನ ಫೋನು ಬಂತು, ಸ್ಕ್ಯಾನಿಂಗ್ ಆಯಿತು, ಕೂಸು ಚೆನ್ನಾಗಿದೆ ಎಂದು. ಹಿಗ್ಗಿನಲ್ಲಿ ಹೊರಗೆ ಹೋಗಿ ಮಾತಾಡಿ ಬಂದೆ. ಬಂದು ನೋಡಿದರೆ ಬಿಳಿ ಗೆರೆ ಇದೆ. ಬಿಗಿಯಾಗಿದೆ ಎಂದುಕೊಂಡು ಜೇಬಿನ ಹಳದಿ ಪೆನ್ನು ತೆಗೆದು ಅದನ್ನೂ ಎಳೆದೆ. ನಿನ್ನ ಫೋನಿನಿಂದ ಹೀಗಾಯಿತು ಎಂದು ತಲೆಯಲ್ಲಿ ಇಟ್ಟುಕೊಳ್ಳಬೇಡ. ಪಾನಾ ಹಚ್ಚದೆ ಗೆರೆ ಎಳೆದದ್ದು ನನ್ನ ಕೈ, ಒಂದು ಸಲವಲ್ಲ, ಎರಡು ಸಲ.

ಔರಾದದ ದಾರಿಯಲ್ಲಿ ಗಾಲಿ ಕಳಚಿತು. ಗಾಡಿ ಹೊಲಕ್ಕೆ ಇಳಿದು ನಿಂತಿತು. ಬಾಯಾರ ಬಲಗೈ ಮುರಿಯಿತು, ಜೀವ ಉಳಿಯಿತು. ಮರುದಿನ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಹಳದಿ ಯಾರದು ಎಂದು ಕೇಳಿದರು. ಬಿಳಿ ಯಾರದೆಂದು ಕೇಳಲಿಲ್ಲ, ಕಡೆಯ ಹೊಣೆ ಹಳದಿ ಎಳೆದವನದೇ ಎಂಬುದು ನಮ್ಮಲ್ಲಿಯ ಲೆಕ್ಕ. ನನ್ನ ಬಾಯಿ ತೆರೆಯಲಿಲ್ಲ ಪ್ರಣಾಲಿ. ತೆರೆಯಬೇಕು ಅನ್ನುವಷ್ಟರಲ್ಲಿ ಖಾಜಾ ಮಿಯಾ ಮುಂದೆ ಬಂದು "ಪೆನ್ನ ನಂದ್ರಿ, ಗುರುತೂ ನಂದೇ" ಎಂದರು. ಆಮೇಲೆ ನಾನು ಹಿಂದೆ ಹೋದರೆ ನನ್ನನ್ನೇ ಗದರಿಸಿದರು. "ಪೆನ್ನ ಕೊಟ್ಟಾವ ನಾ. ನಿನ್ನ ಮನ್ಯಾಗ ದಿನ ತುಂಬಲಿಕ್ಕತ್ತಾವ. ಸುಮ್ನ ಕೂಡು ಬೇಟಾ." ನಾನು ಸುಮ್ಮನೆ ಕುಳಿತೆ. ಅಂದಿನಿಂದ ಕುಳಿತೇ ಇದ್ದೇನೆ, ನನಗೆ ನನ್ನ ಮೇಲೇ ಹೇಸಿಗೆ ಬಂದಿದೆ.

ಅಲ್ಲಿಗೆ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಕಳೆದ ಭಾನುವಾರ ಬಾಯಾರನ್ನು ನೋಡಲು ಹೋಗಿದ್ದೆ. ಎಡಗೈಯಲ್ಲಿ ಚಹಾ ಸೋಸಿ ಕೊಟ್ಟರು, ಅರ್ಧ ಕಟ್ಟೆಯ ಮೇಲೇ ಚೆಲ್ಲಿತು. ನಾನು ಒರೆಸಲು ಎದ್ದರೆ ಬಿಡಲಿಲ್ಲ. "ಹನ್ನೆರಡು ವರ್ಷ ಆತು ನಮ್ಮ ಗಾಡಿ ಖಾಜಾ ಮಿಯಾನೇ ನೋಡ್ತಾರ. ಪಾಪ, ಮುದುಕಗ ಕಣ್ಣ ಹೋಗ್ಯಾವ. ಇನ್ನ ಅವ್ರ ಹತ್ರ ಯಾರ ಹಚ್ತಾರ ಗಾಡಿ?" ಎಂದರು. ಅಲ್ಲಿಂದ ಶೆಡ್ಡಿಗೆ ಹೋದೆ. ಖಾಜಾ ಮಿಯಾ ಒಂದು ಹಳೆಯ ಸ್ಕೂಟರಿನ ಮುಂದೆ ಕುಳಿತಿದ್ದರು. ಕಾರು ಒಂದೂ ಇರಲಿಲ್ಲ. ಕಣ್ಣು ಕಾಣದ ಮೆಕ್ಯಾನಿಕ್ ಎಂದು ಔರಾದ ತುಂಬ ಮಾತಾಗಿದೆ. ಆ ಕಣ್ಣು ಹೇಗಿದೆ ಗೊತ್ತೇ? ನನ್ನನ್ನು ರಸ್ತೆಯ ಆಚೆಯಿಂದಲೇ ಗುರುತಿಸಿ, "ತೂಕ ಇಳದೀಯಲ್ಲೋ, ಪ್ರಣಾಲಿ ಊರಾಗಿಲ್ಲೇನು" ಎಂದರು. ಆಮೇಲೆ, ಬಡ್ತಿ ಬೇಡವಾದರೆ ಇಲ್ಲಿಗೆ ಬಾ, ಇಬ್ಬರೂ ಇದ್ದರೆ ಗಾಡಿ ಬರುತ್ತವೆ ಎಂದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನೀನೇ ಹೇಳು. ಬಾಯಿ ಮುಚ್ಚಿಕೊಂಡರೆ ಶೋರೂಮಿನ ಕುರ್ಚಿ ಇದೆ, ಇಲ್ಲವೇ ಭಾಲ್ಕಿ ಇದೆ, ಕೂಸು ಬರುವ ಹೊತ್ತಿಗೆ ಕೈಯಲ್ಲಿ ಭದ್ರವಾದ ಕೆಲಸ ಇರುತ್ತದೆ. ಬಾಯಿ ಬಿಟ್ಟರೆ ಎರಡೂ ಹೋಗುತ್ತವೆ, ಆದರೆ ಖಾಜಾ ಮಿಯಾ ಅವರ ಹೆಸರು ಉಳಿಯುತ್ತದೆ. ನೀನು ಬಿಡಿಸಿ ಹೇಳುವವಳು, ನನ್ನಂತೆ ಪುಕ್ಕಲು ಅಲ್ಲ. ಆದರೆ ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳ ಮೇಲೆ ಇಷ್ಟು ಭಾರ ಹೊರಿಸುತ್ತಿದ್ದೇನಲ್ಲ ಎಂದು ಸಂಕಟವೂ ಆಗುತ್ತದೆ. ನಿನ್ನನ್ನು ಕೇಳದೆ ಏನೂ ಮಾಡುವುದಿಲ್ಲ. ಸೋಮವಾರ ಇನ್ನೆರಡು ದಿನ ಕೊಡಿ ಎಂದು ಸಾಹೇಬರನ್ನು ಕೇಳುತ್ತೇನೆ.

ಅತ್ತೆಯವರಿಗೂ ಮಾವನವರಿಗೂ ನನ್ನ ಜೈಭೀಮ ತಿಳಿಸು. ಗುಳಿಗೆ ನುಂಗು. ಕೂಸಿಗೆ ಅದರ ಅಪ್ಪ ನೆನೆಸಿದ ಎಂದು ಹೇಳು.

ನಿನ್ನವನೇ,
ಸ್ವಪ್ನಿಲ

ತಾ.ಕ.: ಭಾನುವಾರ, ಮಧ್ಯಾಹ್ನ ಎರಡು ಗಂಟೆ. ದಿಲೀಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ನಿನ್ನನ್ನು ಕೇಳದೆ ಮಾಡುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳಾಯಿತು. ಬೆಳಿಗ್ಗೆ ಔರಾದಕ್ಕೆ ಹೋಗಿ ಬಾಯಾರಿಗೆ ಎಲ್ಲ ಹೇಳಿಬಿಟ್ಟೆ. ಅವರೆದುರಿಗೇ ಸಾಹೇಬರಿಗೆ ಫೋನು ಮಾಡಿ ಅವರಿಗೂ ಹೇಳಿದೆ. ನಾಳೆ ಬಂದು ನಿನ್ನ ಪಾನಾದ ಪೆಟ್ಟಿಗೆ ಒಯ್ಯಿ ಎಂದರು, ಹಾಗಾಗಿ ಭಾಲ್ಕಿಯೂ ಇಲ್ಲ. ಬಾಯಾರು ಈ ಸಲ ಚಹಾ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ಬಾಗಿಲ ತನಕ ಬಂದು, "ಗಾಡಿ ನಾಳಿ ಖಾಜಾ ಮಿಯಾನ ಹತ್ರ ಹಚ್ತೇನಿ. ನೀ ಮಾತ್ರ ಅದಕ್ಕ ಕೈ ಹಚ್ಚಬ್ಯಾಡ" ಎಂದರು. ಬರುವಾಗ ಶೆಡ್ಡಿನ ಮುಂದಿನಿಂದಲೇ ಹಾದು ಬಂದೆ, ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಅವರು ಕರೆದ ಕೆಲಸ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಹಂಚಿದ ಪೇಢೆಯನ್ನು ಕೂಸಿನ ಹೆಸರಿಗೆ ಹಾಕಿಕೊಳ್ಳಿ. ನೀನು ಉತ್ತರ ಬರೆಯಬೇಡ, ಅಷ್ಟು ದಿನ ಕಾಯಲು ನನ್ನಿಂದಾಗುವುದಿಲ್ಲ. ಓದಿದ ಕೂಡಲೇ ಫೋನು ಮಾಡು. ಬೈಯುವುದಿದ್ದರೂ ಬೈ. ಸ್ಪೀಕರ್ ಹಚ್ಚಿದ್ದರೂ ಇರಲಿ, ಎಲ್ಲರೂ ಕೇಳಲಿ.