ಹಗುರಾದ ಕರಡಿಗೆ

ಮಾದನಹಿಪ್ಪರಗಾ
ಮಂಗಳವಾರ, ೯ ಫೆಬ್ರುವರಿ ೧೯೮೨

ಗೌರಾ, ನನ್ನ ತಂಗೀ,

ನಿನ್ನ ಕೈಕಾಲಿಗೆ ಏನೂ ಆಗದಿರಲೆಂದು ಅಕ್ಕನ ಹಾರೈಕೆ.

ಇಂದು ಮುಂಜಾನೆ ನಿನ್ನ ಕರಡಿಗೆ ಹಗುರವಾಗಿತ್ತು. ಟ್ರಂಕಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ ಕೂಡಲೇ ಗೊತ್ತಾಯಿತು. ಬೆಳ್ಳಿಯ ತೂಕವಷ್ಟೇ ಇತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಲಿಂಗವಿಲ್ಲ, ನಿನ್ನೆಯ ವಿಭೂತಿಯ ಪುಡಿ ಮಾತ್ರ.

ದೀಪಾವಳಿಗೆ ಬಂದಾಗ ನೀನು ಅದನ್ನು ಕೊರಳಿನಿಂದ ತೆಗೆದು ನನ್ನ ಕೈಗಿಟ್ಟೆಯಲ್ಲ, ಅಂದಿನಿಂದ ನನ್ನ ಲಿಂಗದ ಜೊತೆಗೇ ನಿನ್ನದಕ್ಕೂ ನೀರೆರೆದು, ಪತ್ರಿ ಏರಿಸಿ, ಮನೆಯವರು ಏಳುವ ಮೊದಲೇ ನನ್ನ ಬಿ.ಎ. ಪುಸ್ತಕಗಳ ಅಡಿಗೆ ಇಡುತ್ತ ಬಂದಿದ್ದೇನೆ. ಬೆಂಗಳೂರಿನ ಫುಟ್‌ಬಾಲ್ ಶಿಬಿರದಲ್ಲಿ ನೀನು ಚೆಂಡಿಗೆ ಹಾರಿ ಬಿದ್ದಾಗ ಆ ಬೆಳ್ಳಿಯ ಅಂಚು ಎದುರಿನ ಹುಡುಗಿಯ ಹುಬ್ಬು ಸೀಳಿತು. ನಿನ್ನ ಎದೆಯ ಮೇಲೂ ನೀಲಿ ಗುರುತು ಕೂತಿತ್ತು. ಲೋಹದ್ದೇನೂ ಮೈಮೇಲಿರಬಾರದೆಂದು ತರಬೇತಿಯವರು ಹೇಳಿದರೆ ಅವರದೇನು ತಪ್ಪು? ಗೋಲು ಕಾಯುವವಳು ಚೆಂಡನ್ನು ಎದೆಗೆ ಅವಚಿಕೊಳ್ಳಲೇಬೇಕು. ಇದೆಲ್ಲ ನನಗೆ ತಿಳಿಯಿತು. ಮನೆಯಲ್ಲಿ ತಿಳಿಸಿ ಹೇಳುವ ಧೈರ್ಯ ಬರಲಿಲ್ಲ.

ಶನಿವಾರ ಜಗದೇವಪ್ಪ ಕಾಕಾ ಆಳಂದದ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಒಂದು ಪೇಪರು ಮಡಚಿಕೊಂಡು ಬಂದರು. ಅದರಲ್ಲಿ ನಿಮ್ಮ ಕಲಕತ್ತಾ ಶಿಬಿರದ ಫೋಟೊ ಇತ್ತು. ದೇಶದ ತಂಡಕ್ಕೆ ಆರಿಸಲು ಕರೆಸಿದ ಹುಡುಗಿಯರೆಂದು ಕೆಳಗೆ ಬರೆದಿತ್ತು. ನಡುವೆ ನೀನು, ತೊಡೆಯ ಮೇಲೆ ಚೆಂಡು. ಯಾರೋ ಗಂಡುಹುಡುಗರದೆಂದು ನೀನು ಬರೆದಿದ್ದ ಆ ದೊಡ್ಡ ಜೆರ್ಸಿಯ ಕೊರಳು ಅಗಲವಾಗಿ ತೆರೆದಿತ್ತು.

ನಿನ್ನ ಚಡ್ಡಿ ನೋಡಿ ಊರು ಬಾಯಿ ಮಾಡುತ್ತದೆಂದೇ ನಾನು ಹೆದರಿದ್ದೆ. ಪಕ್ಕದ ಮನೆಯ ಮಲ್ಕಮ್ಮ ಆಯಿ ಪೇಪರನ್ನು ಕಣ್ಣಿಗೆ ಹಚ್ಚಿಕೊಂಡು, "ಏನ್ ಕಾಲ ಅದಾವಬೇ ಇಕಿವು! ನಮ್ಮ ಹೋರಿಗೂ ಇಲ್ಲ" ಎಂದು ನಕ್ಕಳು. ಅಪ್ಪನೂ ನಗುವುದರಲ್ಲಿದ್ದರು. ಆಗ ಕಾಕಾ ಫೋಟೊದ ಮೇಲೆ ಬೆರಳಿಟ್ಟರು.

"ಯಣ್ಣಾ, ಕಾಲು ಬಿಡು. ಕೊಳ್ಳ ನೋಡು. ಶಿವದಾರ ಎಲ್ಲೈತಿ?"

ಅಪ್ಪ ಪೇಪರನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. "ಲಿಂಗ ಬಿಚ್ಚಿಟ್ಟು ಭವಿ ಆದ ಮಗಳನ್ನ ನಾಳೆ ಯಾ ಪಂಕ್ತ್ಯಾಗ ಕೂಡಿಸ್ತಿ?" ಎಂದು ಕಾಕಾ ಹಿಂದಿನಿಂದ ಕೇಳುತ್ತಲೇ ಇದ್ದರು. ಅಪ್ಪ ನನ್ನ ಕಡೆ ತಿರುಗಿದರು.

"ಅಮೃತಾ, ನಿನಗ ಗೊತ್ತಿರ್ತದ. ಹೇಳವಾ."

ನಾಲ್ಕು ಜನರೆದುರು ಬಾಯಿ ಬಿಡದ ನಾನು ಥಟ್ಟನೆ ಹೇಳಿಬಿಟ್ಟೆ. "ತೋಳಿಗೆ ಕಟ್ಕೊಂಡಾಳ್ರಿ ಅಪ್ಪ. ಅಂಗಿ ತೋಳಿನ ಒಳಗ ಐತಿ, ಅದಕ್ಕ ಕಾಣವಲ್ದು."

"ಹಂಗಂದ್ರ ನಾನೇ ಹೋಗಿ ನೋಡ್ತೇನಿ" ಎಂದರು ಅಪ್ಪ. "ಇತ್ತಂದ್ರ ಆಡ್ಲಿ. ಇರ್ಲಿಲ್ಲಂದ್ರ ಅಲ್ಲಿಂದಲೇ ಕರ್ಕೊಂಡು ಬರ್ತೇನಿ. ಅಫಜಲಪುರದವರು ಹೆಣ್ಣು ಕೇಳಾಕತ್ತಾರ, ಕೊಟ್ಟು ಕೈ ತೊಳ್ಕೋತೇನಿ."

ಶುಕ್ರವಾರ ಗುಲಬರ್ಗಾದಿಂದ ರೈಲು. ನಿಮ್ಮ ಕೊನೆಯ ಆಯ್ಕೆಗೆ ಮೊದಲೇ ಅಪ್ಪ ಅಲ್ಲಿರುತ್ತಾರೆ.

ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಶಾಲೆಯ ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ಮಲಗುವ ಹುಡುಗಿಯರು, ಬೂಟಿನ ತುದಿಗೆ ತುರುಕಿದ ಕಾಗದ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ತಂಡ. ನೀನು ಗೋಲಿನಿಂದ "ಬಿಡ್ರೇ!" ಎಂದು ಕೂಗಿ ಕೂಗಿ, ಈಗ ಮಣಿಪುರದವಳೂ ಬಂಗಾಳದವಳೂ ಚೆಂಡು ಬಂದರೆ "ಬಿಡ್ರೇ" ಎನ್ನುತ್ತಾರೆಂದು ಬರೆದಿದ್ದೀ. ದೇಶದ ತಂಡ ನಮ್ಮೂರಿನ ಒಂದು ಮಾತು ಕಲಿತಿದೆ. ಅಲ್ಲಿಂದ ಎಳೆದು ತಂದರೆ ನೀನು ಉಳಿಯುವುದಿಲ್ಲ ಗೌರಾ. ಉಸಿರಾಡುತ್ತೀ, ರೊಟ್ಟಿ ತಿನ್ನುತ್ತೀ, ಆದರೆ ಉಳಿಯುವುದಿಲ್ಲ.

ಲಿಂಗವನ್ನು ಹೇಗಾದರೂ ನಿನಗೆ ಮುಟ್ಟಿಸಬೇಕೆಂದುಕೊಂಡಿದ್ದೆ. ಈಗ ಅದೇ ಇಲ್ಲ. ಟ್ರಂಕಿನ ಬಟ್ಟೆಯನ್ನೆಲ್ಲ ಕೊಡವಿದೆ, ಪುಸ್ತಕದ ಹಾಳೆಗಳ ನಡುವೆಯೂ ನೋಡಿದೆ. ಅಪ್ಪನಿಗೆ ಸಿಕ್ಕಿತೋ, ಕಾಕಾನಿಗೋ? ಕೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ. ಕೇಳದಿದ್ದರೆ ನಿನಗಾಗಿ ಏನೂ ಉಳಿಯುವುದಿಲ್ಲ.

ಅದಕ್ಕೇ, ಅಲ್ಲಿ ಹಿಂದಿ ಮಾತಾಡಲು ಒಬ್ಬರು ಬೇಕಲ್ಲವೇ ಎಂದು ನೆಪ ಹೇಳಿ, ಅಪ್ಪನ ಜೊತೆ ನಾನೂ ಬರುತ್ತಿದ್ದೇನೆ. ಅವರು ನಿನ್ನ ತೋಳು ನೋಡುವ ಮೊದಲು ನಿನ್ನನ್ನು ಬಚ್ಚಲಿಗೆ ಕರೆದೊಯ್ದು, ನನ್ನ ಲಿಂಗವನ್ನೇ ಬಿಚ್ಚಿ ನಿನಗೆ ಕಟ್ಟುತ್ತೇನೆ. ನನ್ನ ಕೊರಳನ್ನು ಸೆರಗು ಮುಚ್ಚುತ್ತದೆ. ಇಷ್ಟು ವರ್ಷ ಯಾರೂ ನನ್ನನ್ನು ದಿಟ್ಟಿಸಿ ನೋಡಿಲ್ಲ, ಅಲ್ಲಿಯೂ ನೋಡಲಾರರು. ಒಬ್ಬರ ಲಿಂಗ ಇನ್ನೊಬ್ಬರಿಗೆ ಸಲ್ಲದೆಂದು ನನಗೂ ಗೊತ್ತು. ಪಾಪವಿದ್ದರೆ ಅದು ನನಗಿರಲಿ.

ಈ ಪತ್ರ ನಮಗಿಂತ ಮೊದಲು ನಿನ್ನ ಕೈ ಸೇರಲಿ. ಉದ್ದ ತೋಳಿನ ಅಂಗಿ ಹಾಕಿಕೊಂಡಿರು.

ನಿನಗಿಂತ ಹೆಚ್ಚು ಹೆದರಿರುವ ನಿನ್ನ ಅಕ್ಕ,
ಅಮೃತಾ

ಮತ್ತೆ ಬರೆದದ್ದು:

ಲಕೋಟೆ ಅಂಟಿಸಲು ಒಂದಿಷ್ಟು ಹಿಟ್ಟು ತರೋಣವೆಂದು ಅಡುಗೆಮನೆಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಶನಿವಾರದಿಂದ ಅವಳು ಯಾರೊಡನೆಯೂ ಮಾತಾಡಿಲ್ಲ. ಅವಳ ಕರಡಿಗೆ ಎಂದಿನಂತೆ ಕೊರಳಲ್ಲೇ ಇತ್ತು. ಆದರೆ ಬಲತೋಳಿನ ಮೇಲೆ, ಕುಪ್ಪಸದ ತೋಳಂಚಿನ ಕೆಳಗೆ, ಕೆಂಪು ಅರಿವೆಯ ಒಂದು ಪಟ್ಟಿ. ನಡುವೆ ಗುಂಡಗೆ ಉಬ್ಬಿತ್ತು.

ಅವ್ವ ತಲೆ ಎತ್ತಲಿಲ್ಲ. "ಬುಟ್ಟಿ ತುಂಬ ರೊಟ್ಟಿ ಬಡ್ದೆ, ಗಂಟು ಸಡ್ಲ ಆಗಿಲ್ಲ" ಎಂದಳು. "ಬೆಳ್ಳಿ ಇಲ್ಲೇ ಇರ್ಲಿ, ಆಕಿ ಎದಿ ಮ್ಯಾಲಿನ ನೀಲಿ ಗುರ್ತು ನಾನೂ ನೋಡೇನಿ. ಲಿಂಗ ಅರಿವ್ಯಾಗಿಟ್ಟು ಹೊಲ್ದೇನಿ. ಯಾರಿಗೂ ಬಡಿಯಂಗಿಲ್ಲ."

ಅದು ಅಪ್ಪ ಸೊಲ್ಲಾಪುರದಿಂದ ಅವಳಿಗೆ ತಂದ ಸೀರೆಯ ಅಂಚು. ಅಪ್ಪ ನೋಡಿದ ಕೂಡಲೇ ಗುರುತು ಹಿಡಿಯುತ್ತಾರವ್ವ ಎಂದೆ.

"ಹಿಡೀಲಿ" ಎಂದಳು.

ನನ್ನ ಲಿಂಗ ನನ್ನ ಕೊರಳಲ್ಲೇ ಇರುತ್ತದೆ ಗೌರಾ. ನಿನ್ನದನ್ನು ತರುತ್ತೇನೆ, ಆ ಗಂಟು ಹಾಕುವುದನ್ನು ಕಲಿತು ಬರುತ್ತೇನೆ. ಆದರೆ ಬಚ್ಚಲಿಗೆ ಹೋಗಿ ಬಚ್ಚಿಟ್ಟು ಕಟ್ಟುವುದಿಲ್ಲ. ರೈಲು ಸೊಲ್ಲಾಪುರ ದಾಟಿದ ಮೇಲೆ ಅಪ್ಪನಿಗೆ ನಾನೇ ಎಲ್ಲ ಹೇಳುತ್ತೇನೆ. ಅವರ ಸಿಟ್ಟು ಎಷ್ಟಿದೆಯೋ ಅಷ್ಟೂ ಕಲಕತ್ತಾ ಬರುವುದರೊಳಗೆ ನನ್ನ ಮೇಲೆ ಇಳಿದುಹೋಗಲಿ.