ಬೀಜಕ್ಕೆ ಬಿಟ್ಟ ಅವರೆ

ಹನುಮಂತನಗರ, ಬೆಂಗಳೂರು
19 ಜನವರಿ 2025, ಭಾನುವಾರ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ಚಿಕ್ಕಬಳ್ಳಾಪುರದ ಚಳಿಯಲ್ಲಿ ನೆಲದ ಮೇಲೆ ಮಲಗಬೇಡಿ. ಬಾಣಂತನ ಮಾಡಲು ಹೋದವರೇ ಹಾಸಿಗೆ ಹಿಡಿದರೆ ರಮ್ಯಶ್ರೀ ಅಕ್ಕನನ್ನು ನೋಡುವವರಾರು! ಮಗುವಿನ ವಿಡಿಯೊ ನೋಡಿ ನೋಡಿ ನನ್ನ ಫೋನೇ ಬಿಸಿಯಾಗಿದೆ. ಮೂಗು ನಿಮ್ಮದೇ, ಕಿವಿ ಮಾತ್ರ ಪಾಪ ಮಾವನದು! ಫೋನ್ ಬಿಟ್ಟು ಪತ್ರ ಯಾಕೆ ಅನ್ನುತ್ತೀರಿ. ನಾಚಿಕೆಯಾದಾಗಲೂ ನಗುವವಳು ನಾನು. ಫೋನಿನಲ್ಲಾದರೆ ಕಿಸಕ್ಕನೆ ನಕ್ಕುಬಿಡುತ್ತೇನೆ, ನೀವು ತಮಾಷೆ ಅಂದುಕೊಳ್ಳುತ್ತೀರಿ. ತಮಾಷೆಯಲ್ಲ ಅತ್ತೆ. ತಾರಸಿಯಲ್ಲಿ ಕೆಂಪು ಬಟ್ಟೆಚೂರು ಕಟ್ಟಿದ್ದ ಅವರೆ ಬಳ್ಳಿಗಳ ಕಾಯನ್ನೆಲ್ಲ ಕಿತ್ತು ಸಾರು ಮಾಡಿಬಿಟ್ಟೆ.

ಮಾವ ತಿರುಪತಿಗೆ ಹೋಗಿದ್ದಾಗ ನನ್ನ ಕಾಲೇಜು ಗೆಳತಿಯರು ಊಟಕ್ಕೆ ಬಂದಿದ್ದರು. ಮದುವೆಯಾದ ಮೇಲೆ ಮೊದಲ ಸಲ! ಹಿತಕಿದಬೇಳೆ ಸಾರು ಮಾಡಿ ಜಂಬ ಕೊಚ್ಚುವ ಆಸೆ. ಮೇಲೆ ಹೋಗಿ ನೋಡಿದರೆ ಬಟ್ಟೆ ಕಟ್ಟಿದ ಬಳ್ಳಿಗಳಲ್ಲೇ ಕಾಯಿ ದಪ್ಪ, ಮುಟ್ಟಿದರೆ ಬೆರಳಿಗೆಲ್ಲ ಸೊಗಡು. ಬಟ್ಟೆ ದೃಷ್ಟಿಗೆ ಕಟ್ಟಿದ್ದು ಅಂದುಕೊಂಡೆ. ಮಿಕ್ಕ ಬಳ್ಳಿಗಳ ಸಣಕಲು ಕಾಯಿ ಪಾಪ, ಬೆಳೆಯಲಿ ಅಂತ ಬಿಟ್ಟೆ. ಗೆಳತಿಯರು ಬೆರಳು ನೆಕ್ಕಿದರು. ನಿಮ್ಮ ಮಗ ದೀಪಕ್ ಮಾತ್ರ ಮೊದಲ ತುತ್ತಿಗೇ ತಟ್ಟೆಯಿಂದ ಕೈ ತೆಗೆದರು. "ಲೇ, ಬಟ್ಟೆ ಕಟ್ಟಿರೋ ಬಳ್ಳಿದ್ ಕಿತ್ಯಾ? ಅದು ಬೀಜಕ್ ಬಿಟ್ಟಿದ್ದು ಕಣೇ! ಬಯಾಲಜಿ ಮೇಡಂ, ಒಂದ್ ವಂಶಾನೇ ಬೇಯ್ಸಿಬಿಟ್ರಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಅತ್ತೆ, ಬಿ.ಎಸ್ಸಿ.ಯಲ್ಲಿ ವಿಕಾಸದ ಪಾಠಕ್ಕೆ ತರಗತಿಯಲ್ಲಿ ನನಗೇ ಹೆಚ್ಚು ಅಂಕ. ಒಂದೇ ತಾಯಿಯ ಮಕ್ಕಳಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ಆ ಗುಣ ಮಕ್ಕಳಿಗೆ ಇಳಿಯುತ್ತದೆ. ಯಾವುದರ ಸಂತಾನ ಹೆಚ್ಚು ಉಳಿಯುತ್ತದೋ ಅದರ ಗುಣ ಮುಂದಿನ ತಲೆಮಾರಿನಲ್ಲಿ ಹೆಚ್ಚುತ್ತದೆ. ಹೀಗೆ ಆಗುತ್ತಾ ಆಗುತ್ತಾ ಜೀವಜಾತಿಯೇ ಬದಲಾಗುತ್ತದೆ. ಕಾಡಿನಲ್ಲಿ ಆರಿಸುವುದು ಬರ, ರೋಗ, ಹುಳ. ತೋಟದಲ್ಲಿ ಆರಿಸುವವರು ನಾವು. ಇದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಲಾಲ್‌ಬಾಗಿನ ಹತ್ತಿರವಿದ್ದ ನಿಮ್ಮ ಮನೆತನದ ತೋಟ ಬಡಾವಣೆಯಾದ ಮೇಲೂ ಮಾವನ ಅಪ್ಪ ಈ ಅವರೆ ತಳಿಯನ್ನು ತಾರಸಿಯ ಡ್ರಮ್ಮುಗಳಲ್ಲಿ ಉಳಿಸಿಕೊಂಡರಂತೆ. ಪ್ರತಿ ಚಳಿಗಾಲ ಒಳ್ಳೆಯದನ್ನು ಬೀಜಕ್ಕೆ ಬಿಟ್ಟು ಮಿಕ್ಕಿದ್ದನ್ನು ತಿಂದರು. ನಾನು ಒಳ್ಳೆಯದನ್ನು ತಿಂದು ಮಿಕ್ಕಿದ್ದನ್ನು ಬೀಜಕ್ಕೆ ಬಿಟ್ಟೆ! ಹೋದ ವರ್ಷದ ಬೀಜವೂ ಮನೆಯಲ್ಲಿ ಇಲ್ಲ. ಮೂಲೆಯ ಡ್ರಮ್ಮಿನ ಒಂದು ಬಳ್ಳಿ ತಡವಾಗಿ ಕಾಯಿ ಬಿಟ್ಟಿದೆ, ಅದಕ್ಕೆ ಚೂರು ಸೊಗಡಿದೆ. ಅಲ್ಲಿಂದ ಮತ್ತೆ ಆರಿಸುತ್ತಾ ಹೋದರೆ ಹಿಂದಿನ ರುಚಿ ಬರುವಷ್ಟರಲ್ಲಿ ನನ್ನ ತಲೆ ನರೆತಿರುತ್ತದೆ.

ಮಾವ ಬಂದವರೇ ತಾರಸಿ ಹತ್ತಿದರು. ಕೆಳಗಿಳಿದು ಬಂದು "ನಮ್ಮಪ್ಪನ ಕಾಲದ್ದು" ಅಂದರು, ಅಷ್ಟೇ. ಕಾಫಿ ಮುಟ್ಟಲಿಲ್ಲ. ನಾನು ಬಾಗಿಲ ಹಿಂದೆಯೇ ಇದ್ದೆ, ಬಾಯಿ ಬಿಡಲಿಲ್ಲ. ದೀಪಕ್ ಕೈಯಲ್ಲೂ ಹೇಳುವುದಿಲ್ಲ ಅಂತ ಆಣೆ ಹಾಕಿಸಿಕೊಂಡಿದ್ದೇನೆ. ಮಾವನಿಗೆ ಬೇರೊಬ್ಬರ ಮೇಲೆ ಅನುಮಾನ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಅಕ್ಕನಿಗೆ ನನ್ನ ನೆನಪು ಹೇಳಿ, ಮಗುವಿನ ಪಾದಕ್ಕೆ ಮುತ್ತು ಕೊಡಿ. ನೀವು ಬಂದ ದಿನ ನಿಮ್ಮ ಕಾಲು ಹಿಡಿಯುತ್ತೇನೆ, ಎಬ್ಬಿಸಬೇಡಿ.

ನಿಮ್ಮ ಸೊಸೆ,
ಲಾವಣ್ಯಾ

ತಾ.ಕ.: ಮಾವ ಅನುಮಾನಿಸಿದ್ದು ಚಿಕ್ಕಮುನಿಯಮ್ಮನನ್ನು. ತಾರಸಿ ಗುಡಿಸುವವರು ಅವರೇ ತಾನೇ. "ಕೇಳಿದ್ರೆ ಒಂದ್ ಮೊರ ಕೊಡ್ತಿರ್ಲಿಲ್ವೇನಮ್ಮ, ಬೀಜಕ್ಕೇ ಕೈ ಹಾಕ್ದ್ಯಾ?" ಅಂದರು. "ದೇವ್ರಾಣೆ ನಾನ್ ಮುಟ್ಟಿಲ್ಲ ಯಜಮಾನ್ರೇ" ಅಂದು ಅವರು ನನ್ನ ಮುಖ ನೋಡಿದರು. ಅತ್ತೆ, ಆ ದಿನ ಸಿಪ್ಪೆಯನ್ನೆಲ್ಲ ಬಾಚಿ ಆಚೆ ಹಾಕಿದ್ದು ಅವರೇ. ಎಲ್ಲ ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ. ಮಾರನೆಯ ದಿನದಿಂದ ಕೆಲಸಕ್ಕೆ ಬಂದಿಲ್ಲ. ಈ ಪತ್ರ ಡಬ್ಬಿಗೆ ಬಿದ್ದ ಮೇಲೆ ನಾನು ಹಿಂದೆ ಸರಿಯುವಂತಿಲ್ಲ. ಅದಕ್ಕೇ ಮೊದಲು ಡಬ್ಬಿಗೆ ಹಾಕಿ ಬಂದು ಆಮೇಲೆ ಮಾವನ ಮುಂದೆ ನಿಲ್ಲುತ್ತೇನೆ. ಚಿಕ್ಕಮುನಿಯಮ್ಮನ ಮನೆ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ, ಅದನ್ನೂ ಮಾವನನ್ನೇ ಕೇಳಬೇಕು.